ಮಳೆ ನಿಂತಿತೋ, ಮರ ಅಡ್ಡ ಬಂತೋ?

ಕೇಳುಗರೇ, ನಮಸ್ಕಾರ. ಕತ್ತಲಲ್ಲಿ ನೆನೆಯುತ್ತಾ ನಡೆದಿದ್ದೀರಿ ಎಂದುಕೊಳ್ಳಿ. ತಲೆಯ ಮೇಲೆ ಬೀಳುತ್ತಿದ್ದ ಹನಿ ತಟ್ಟನೆ ನಿಂತಿತು. ಮಳೆಯೇ ನಿಂತಿತೋ, ನೀವು ಮರದಡಿಗೆ ಬಂದಿರೋ? ‘ಅಲ್ಲಿ ಇನ್ನೂ ಸುರೀತಿದೆಯೇನ್ರೀ?’ ಎಂದು ಕೂಗಿ ಕೇಳಲು ಹಿಂದೆ ಮುಂದೆ ಜನ ಬೇಕು.

ಭೂಮಿಯ ಕಾಂತಕ್ಷೇತ್ರದ ಅಂಚನ್ನು ಅಳೆಯಲು ಹೊರಟವರಿಗೂ ಇದೇ ಪೇಚು. ಸೂರ್ಯನಿಂದ ವಿದ್ಯುತ್ ಕಣಗಳು ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬರುತ್ತಲೇ ಇರುತ್ತವೆ. ಇದೇ ಸೌರ ಮಾರುತ. ಮಾರುತ ಎಂದರೂ ಬಹಳ ತೆಳು. ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಪ್ರೋಟಾನು ಇದ್ದರೆ ಹೆಚ್ಚು. ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 65,000 ಕಿಲೋಮೀಟರ್ ದೂರದಲ್ಲಿ ನಮ್ಮ ಕಾಂತಕ್ಷೇತ್ರ ಇದನ್ನು ತಡೆದು ಬದಿಗೆ ಸರಿಸುತ್ತದೆ. ಆದರೆ ಆ ಗಡಿ ಗೋಡೆಯಲ್ಲ, ಗಾಳಿಗೆ ಸಿಕ್ಕ ಟಾರ್ಪಾಲು. ಒಳಕ್ಕೂ ಹೊರಕ್ಕೂ ಬಡಿಯುತ್ತಿರುತ್ತದೆ. ಒಂಟಿ ಉಪಗ್ರಹಕ್ಕೆ ತಾನು ಗಡಿ ದಾಟಿತೋ, ಗಡಿಯೇ ತನ್ನನ್ನು ದಾಟಿತೋ ತಿಳಿಯದು.

ಹಾಗಾಗಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ‘ಕ್ಲಸ್ಟರ್’ ಎಂಬ ನಾಲ್ಕು ಉಪಗ್ರಹ ಕಟ್ಟಿತು. 1996ರ ಜೂನ್ 4ರಂದು ಅವನ್ನು ಹೊತ್ತ ಏರಿಯಾನ್-5 ರಾಕೆಟ್, ಹೊರಟು ನಲವತ್ತು ಸೆಕೆಂಡು ಕಳೆಯುವುದರೊಳಗೆ ಸಿಡಿದು ಚೂರಾಯಿತು. ಹಳೆಯ ರಾಕೆಟ್ಟಿನ ತಂತ್ರಾಂಶವನ್ನೇ ಹೊಸದಕ್ಕೂ ಹಾಕಿದ್ದರು. ಅದರ ಲೆಕ್ಕದಲ್ಲಿ ಒಂದು ಸಂಖ್ಯೆ, ಇಟ್ಟ ಜಾಗಕ್ಕಿಂತ ದೊಡ್ಡದಾಗಿಬಿಟ್ಟಿತು. ಹತ್ತು ವರ್ಷದ ದುಡಿಮೆ ಫ್ರೆಂಚ್ ಗಯಾನಾದ ಕೆಸರಿಗೆ ಬಿತ್ತು. ಮತ್ತೆ ಕಟ್ಟಿ, 2000ದಲ್ಲಿ ಕಜಾಕಸ್ತಾನದ ಬೈಕನೂರು ಉಡಾವಣಾ ನೆಲೆಯಿಂದ ಎರಡೆರಡಾಗಿ ಹಾರಿಸಿದರು. ರುಂಬಾ, ಸಾಲ್ಸಾ, ಸಾಂಬಾ, ಟ್ಯಾಂಗೋ ಎಂದು ಕುಣಿತಗಳ ಹೆಸರಿಟ್ಟರು. ಮೂರು ಮೂಲೆಗೆ ಮೂರು, ಮೇಲೊಂದು. ಬೇಕೆಂದಾಗ ಹತ್ತಿರ, ಬೇಕೆಂದಾಗ ಸಾವಿರಾರು ಕಿಲೋಮೀಟರ್ ದೂರ. ಗಡಿ ಯಾರನ್ನು ಮೊದಲು ಮುಟ್ಟಿತು, ಯಾರನ್ನು ಆಮೇಲೆ ಎಂಬುದರಿಂದಲೇ ಅದರ ದಿಕ್ಕು, ವೇಗ ಎರಡೂ ಸಿಕ್ಕವು.

ನನ್ನ ಮಟ್ಟಿಗೆ ಇವುಗಳ ದೊಡ್ಡ ಫಸಲು 2001ರ ನವೆಂಬರಿನದು. ಸೌರ ಮಾರುತ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ನಮ್ಮದರ ಜೊತೆ ಬೆಸೆದುಕೊಂಡು ಬಾಗಿಲು ತೆರೆಯುತ್ತದೆ; ಉತ್ತರಕ್ಕಿದ್ದರೆ ಬಾಗಿಲು ಬಹುಪಾಲು ಮುಚ್ಚಿದ ಹಾಗೆ ಎಂಬ ಎಣಿಕೆಯಿತ್ತು. ಅಂದು ಅದು ಉತ್ತರಕ್ಕೇ ಇತ್ತು. ಆದರೂ ಗಡಿಯ ಪಕ್ಕದಲ್ಲಿ, ಕೆರೆಯ ಮೇಲೆ ಗಾಳಿ ಅಲೆ ಎಬ್ಬಿಸುವಂತೆ, ಭೂಮಿಗಿಂತ ದೊಡ್ಡ ಸುಳಿಗಳು ಎದ್ದು ಸುತ್ತಿಕೊಳ್ಳುತ್ತಿದ್ದವು. ಸುಳಿಯ ಮಡಿಕೆಯಲ್ಲಿ ಸೂರ್ಯನ ಕಣಗಳು ಒಳಗೆ ಬೆರೆಯುತ್ತಿದ್ದವು. ಒಂಟಿ ಉಪಗ್ರಹಕ್ಕೆ ಇದು ಗಡಿ ಬಂದು ಹೋದ ಹಾಗಷ್ಟೇ ಕಾಣುತ್ತಿತ್ತು.

ಎರಡು ವರ್ಷಕ್ಕೆಂದು ಹೋದವು ಇಪ್ಪತ್ತನಾಲ್ಕು ವರ್ಷ ದುಡಿದವು. 2024ರ ಸೆಪ್ಟೆಂಬರ್ 8ರಂದು ಸಾಲ್ಸಾ ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಉರಿದು ಬಿತ್ತು.