ಟಿವಿ ರೆಕಾರ್ಡರ್ ಆರಿಸೋ ಕಥೆ, ಮತ್ತೆ ಅಪ್ಪ ಒತ್ತಿದ ಆ ಒಂದು ಓಕೆ

ಹಾಂ, ಓಡ್ತಿದೆ ಕ್ಯಾಮೆರಾ. ಎಲ್ರಿಗೂ ನಮಸ್ಕಾರ. ಮೇಜಿನ ಮೇಲೆ ಈ ಕಪ್ಪು ಪೆಟ್ಟಿಗೆ ಕಾಣ್ತಿದೆಯಲ್ಲ, ಇದು ಮನೆಗೆ ಬರೋಕೆ ಮೂರು ವಾರ ಹಿಡೀತು. ಮೂರು ವಾರನೂ ಮನೆಯಲ್ಲಿ ಇದೇ ಜಗಳ. ಪ್ಯಾಕಿಂಗ್ ಬಿಚ್ಚೋದನ್ನ ನೀವೇ ನೋಡ್ಕೊಳ್ಳಿ, ಅದನ್ನ ನಾನು ಬಾಯಲ್ಲಿ ಹೇಳೋದೇನಿದೆ. ಕತ್ತರಿ ಹಿಡಿದಿರೋದು ಅಪ್ಪನ ಕೈ. ಹಿಂದಿನಿಂದ "ನಿಧಾನ, ನಿಧಾನ" ಅಂತ ಕೇಳಿಸ್ತಿರೋದು ಅಮ್ಮ.

ಈಗೆಲ್ಲಾ ಮೊಬೈಲಲ್ಲೇ ಸಿಗುತ್ತಲ್ಲ, ರೆಕಾರ್ಡರ್ ಯಾಕೆ ಬೇಕು ಅಂತ ಕೇಳ್ತೀರ, ಗೊತ್ತು. ನಾನೂ ಹಾಗೇ ಅಂತಿದ್ದೆ. ಆದ್ರೆ ಮೊಬೈಲಲ್ಲಿ ಸಿಗೋದು ಅವರು ಇಟ್ಟಷ್ಟು ದಿನ. ಇವತ್ತಿದ್ದದ್ದು ಮುಂದಿನ ತಿಂಗಳು ಇರಲ್ಲ. ಕೆಲವು ಕಾರ್ಯಕ್ರಮ ಒಂದೇ ಸಲ ಬರುತ್ತೆ, ಅಷ್ಟೇ, ಮುಗೀತು. ಅಂಥದ್ದೇ ಒಂದು ನಮ್ಮ ಮನೇಲಿತ್ತು. ಅದು ಹೋಯ್ತು. ಅದನ್ನ ಹೇಳ್ದೇ ಈ ಪೆಟ್ಟಿಗೆ ಯಾಕೆ ತಗೊಂಡ್ವಿ ಅಂತ ಹೇಳೋಕಾಗಲ್ಲ, ಹಾಗಾಗಿ ಮೊದ್ಲು ಅದನ್ನೇ ಹೇಳಿ ಮುಗಿಸ್ತೀನಿ.

ನಮ್ಮಜ್ಜಿ ಒಂದು ಸಲ ಟಿವಿಯಲ್ಲಿ ಬಂದಿದ್ಲು. ಹಳೇ ಹಾಡು ಹೇಳೋರನ್ನ ಮಾತಾಡಿಸೋ ಕಾರ್ಯಕ್ರಮ. ಒಟ್ಟು 11 ನಿಮಿಷ. ಮಧ್ಯದಲ್ಲಿ ಒಂದು ಸಾಲು ಮರೆತುಹೋಗಿ, ನಕ್ಕು, ಕನ್ನಡಕ ಸರಿ ಮಾಡ್ಕೊಂಡು ಮತ್ತೆ ಶುರು ಮಾಡ್ತಾಳೆ, ಆ ಜಾಗ ನಮಗೆಲ್ಲಾ ಬಾಯಿಪಾಠ. ಆವತ್ತು ನಮ್ಮ ಹಳೇ ಟಿವಿ ಬಾಕ್ಸಿಗೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಹಾಕಿ ರೆಕಾರ್ಡ್ ಮಾಡಿದ್ವಿ. ಡಿಸ್ಕ್ ನಮ್ದು, ದುಡ್ಡು ಕೊಟ್ಟು ತಂದಿದ್ದು. ಅದರೊಳಗಿರೋದೂ ನಮ್ದೇ ಅಂದ್ಕೊಂಡಿದ್ವಿ.

ಒಂದಿನ ಆ ಬಾಕ್ಸ್ ಸತ್ತೇಹೋಯ್ತು. ಕೆಂಪು ದೀಪ ಮಿಣುಕ್ ಮಿಣುಕ್ ಅನ್ನುತ್ತೆ, ಮುಂದಕ್ಕೆ ಹೋಗಲ್ಲ. ಆಗ ಯಾರ್ಯಾರನ್ನೋ ಕೇಳಿ ಬೇರೆ ಬಾಕ್ಸ್ ತಂದ್ವಿ, ಅದೂ ರೆಕಾರ್ಡ್ ಮಾಡೋದೇ. ಹಳೇ ಡಿಸ್ಕನ್ನ ಅದಕ್ಕೆ ಸಿಕ್ಕಿಸಿದ್ವಿ. ಪರದೆ ಮೇಲೆ ಒಂದು ಪುಟ್ಟ ಚೌಕ ಬಂತು. ಈ ಸಾಧನವನ್ನು ಬಳಸಲು ಸಿದ್ಧಪಡಿಸಬೇಕು, ಮುಂದುವರಿಸಲೇ, ಅಂತ. ಫಾರ್ಮ್ಯಾಟ್, ಅಂದ್ರೆ ಇರೋದನ್ನೆಲ್ಲಾ ಅಳಿಸೋದು, ಅನ್ನೋ ಮಾತು ಎಲ್ಲಾದ್ರೂ ಇತ್ತಾ? ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಹಳದಿ ಬಣ್ಣ ಮಿಂಚ್ತಿದ್ದ ಬಟನ್ ಯಾವುದು? ಓಕೆ. ಅಪ್ಪ ಒತ್ತಿದ್ರು. ಯಾರಾದ್ರೂ ಒತ್ತುತ್ತಿದ್ರು ಅಂತ ಈಗ ಅನ್ಸುತ್ತೆ. ಆವತ್ತು ನಾನು ಹಾಗಂದಿಲ್ಲ. ಆವತ್ತು ನಾನು ಏನಂದೆ ಅನ್ನೋದು ಈ ವಿಡಿಯೋದಲ್ಲಿ ಬೇಡ. ಇಪ್ಪತ್ತು ಸೆಕೆಂಡ್ ಕೂಡ ಆಗಿಲ್ಲ, ಡಿಸ್ಕ್ ಸಿದ್ಧವಾಗಿದೆ ಅಂತ ಬಂತು, ಪಕ್ಕದಲ್ಲಿ ಹಸಿರು ಟಿಕ್ ಮಾರ್ಕ್ ಬೇರೆ.

ಅಳಿಸಿದ ಫೈಲ್ ವಾಪಸ್ ತರೋ ಸಾಫ್ಟ್‌ವೇರ್ ಇರುತ್ತಲ್ಲ ಅಂತ ನಾನು ಎರಡು ರಾತ್ರಿ ಕೂತೆ. ಫೈಲುಗಳು ಒಂದಷ್ಟು ಸಿಕ್ಕಿದ್ವು ಕೂಡ. ಓಪನ್ ಆಗಲಿಲ್ಲ. ಯಾಕಂದ್ರೆ ಇಂಥ ಎಷ್ಟೋ ಬಾಕ್ಸುಗಳು ರೆಕಾರ್ಡಿಂಗನ್ನ ಗೂಢಲಿಪಿ ಮಾಡಿ ಬರೀತವೆ. ಬೀಗದ ಕೈ ಇರೋದು ಆ ಬಾಕ್ಸಿನ ಒಳಗೆ, ಅದೊಂದರಲ್ಲೇ. ಅದೇ ಕಂಪನಿ, ಅದೇ ಮಾಡೆಲಿನ ಇನ್ನೊಂದು ಪೆಟ್ಟಿಗೆ ತಂದಿಟ್ರೂ ಓದಲ್ಲ. ಹಾಗಾದ್ರೆ ಅಪ್ಪ ಓಕೆ ಒತ್ತದೇ ಇದ್ದಿದ್ರೂ ಅದು ಹೋದ ಹಾಗೇ ಅಲ್ವಾ? ಅಲ್ಲ, ಅಲ್ಲೇ ಇರೋದು ಹೊಟ್ಟೆ ಉರಿ. ರಿಪೇರಿಯವರು ಹಳೇ ಬಾಕ್ಸ್ ಬಿಚ್ಚಿ ತೋರಿಸಿದ್ರು. ಪವರ್ ಸಪ್ಲೈ ಭಾಗದಲ್ಲಿ ಒಂದು ಕೆಪಾಸಿಟರ್ ತಲೆ ಉಬ್ಬಿಸ್ಕೊಂಡು ಕೂತಿತ್ತು, ಕಡಲೆ ಗಾತ್ರದ್ದು. ಬದಲಾಯಿಸಿದ್ರು, ಬಾಕ್ಸ್ ಎದ್ದು ಕೂತ್ಕೊಂಡ್ತು. ಬೀಗದ ಕೈ ವಾಪಸ್ ಬಂತು, ಪೆಟ್ಟಿಗೆ ಖಾಲಿ.

ಸರಿ, ಸರಿ. ಶಾಟ್ ಮುಗೀತಾ ಬಂತು. ಹೊಸದರ ವಿಷಯಕ್ಕೆ ಬರ್ತೀನಿ.

ರೆಕಾರ್ಡರಿನ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋದು ಯಾವುದನ್ನೂ ನಂಬಬೇಡಿ. ನಾವು ಮೊದ್ಲು ನೋಡಿದ ಒಂದರ ಮೇಲೆ ಫುಲ್ ಎಚ್‌ಡಿ 1080ಪಿ ಅಂತ ಬೆರಳುದ್ದ ಅಕ್ಷರ. ಹಿಂದೆ ತಿರುಗಿಸಿ ಓದಿದ್ರೆ ಅಪ್‌ಸ್ಕೇಲಿಂಗ್ ಅಂತ ಇದೆ. ಅಂದ್ರೆ ಒಳಗೆ ಬರೋದು ಹಳೇ ಸಾಮಾನ್ಯ ಗುಣಮಟ್ಟದ ಚಿತ್ರ, ಅದನ್ನೇ ಹಿಗ್ಗಿಸಿ ಟಿವಿಗೆ ಕಳಿಸುತ್ತೆ. ನಮಗೆ ಬೇಕಿರೋದು ಟ್ಯೂನರ್ರೇ, ಅಂದ್ರೆ ಚಾನೆಲ್ ಹಿಡಿಯೋ ಭಾಗವೇ, ಎಚ್‌ಡಿ ಹಿಡಿಯೋದು. ಪ್ರಸಾರದಲ್ಲಿ ಎಚ್‌ಡಿ ಅಂದ್ರೆ ಅಡ್ಡಕ್ಕೆ 1280 ಚುಕ್ಕಿ, ಉದ್ದಕ್ಕೆ 720, ಇಲ್ಲಾಂದ್ರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಮತ್ತೆ ಟ್ಯೂನರ್ ಯಾವ ಪದ್ಧತಿದು ಅನ್ನೋದೂ ನೋಡ್ಬೇಕು. ಆಂಟೆನಾಗೆ ಡಿವಿಬಿ-ಟಿ2, ಡಿಶ್‌ಗೆ ಡಿವಿಬಿ-ಎಸ್2, ಕೇಬಲ್ಲಿಗೆ ಡಿವಿಬಿ-ಸಿ. ಅಮೆರಿಕದ್ದು ಎಟಿಎಸ್‌ಸಿ, ಜಪಾನಿಂದು ಐಎಸ್‌ಡಿಬಿ. ಯಾರೋ ಹೊರದೇಶದಿಂದ ತಂದ್ಕೊಡ್ತಾರೆ ಅಂತ ತರಿಸ್ಕೊಂಡ್ರೆ ಅದು ನಿಮ್ಮನೇಲಿ ಬರೀ ಗಡಿಯಾರ ತೋರ್ಸುತ್ತೆ.

ಇನ್ನು ಕೆಲವರು ಜಾಣರು ಹೇಳ್ತಾರೆ, ಇರೋ ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ತಂತಿ ಟಿವಿಯಿಂದ ತೆಗೆದು ರೆಕಾರ್ಡರಿಗೆ ಹಾಕಿದ್ರೆ ಆಯ್ತು ಅಂತ. ಹಾಕಿ ನೋಡಿದೆ. ಇದೋ, ಈ ಕಪ್ಪು ಪರದೆ ತೋರಿಸ್ತಿದೀನಲ್ಲ, ಅದೇ ಫಲಿತಾಂಶ. ಎಚ್‌ಡಿಸಿಪಿ ಅಂತ ಒಂದು ಕಾವಲಿರುತ್ತೆ ಆ ದಾರಿಯಲ್ಲಿ. ತಂತಿಯ ಆ ಕಡೆ ಇರೋದು ಬರೀ ತೋರಿಸೋ ಟಿವಿ ಅಂತ ಖಾತ್ರಿ ಆದ್ರೆ ಚಿತ್ರ ಬಿಡುತ್ತೆ, ಬರ್ಕೊಳ್ಳೋ ಯಂತ್ರ ಅಂದ್ರೆ ಇಲ್ಲ.

ಸ್ವಂತ ಟ್ಯೂನರ್ ಇದ್ರೆ ಒಂದು ದೊಡ್ಡ ಸುಖ. ಗಾಳಿಯಲ್ಲೋ ಕೇಬಲ್ಲಲ್ಲೋ ಬಂದ ಡಿಜಿಟಲ್ ಹರಿವನ್ನ ಹಾಗೇ ಡಿಸ್ಕಿಗೆ ಇಳಿಸ್ಕೊಳ್ಳುತ್ತೆ. ಮತ್ತೆ ಹಿಂಡಿ ಚಿಕ್ಕದು ಮಾಡಲ್ಲ, ಹಾಗಾಗಿ ನೇರ ಪ್ರಸಾರಕ್ಕೂ ರೆಕಾರ್ಡಿಂಗಿಗೂ ಕೂದಲೆಳೆ ವ್ಯತ್ಯಾಸ ಇರಲ್ಲ. ವಿಎಚ್‌ಎಸ್ ಕ್ಯಾಸೆಟ್ ನೆನಪಿದೆಯಾ? 1976ರಲ್ಲಿ ಬಂದಿದ್ದು. ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಕಾಪಿ ಮಾಡಿದ್ರೆ ಮೂರನೇ ಸಲಕ್ಕೆ ಮದುಮಗನ ಮುಖ ಯಾರ್ದೋ ಮುಖ ಆಗ್ತಿತ್ತು. ಆದ್ರೂ ಒಂದು ಮಾತು, ಆ ಕ್ಯಾಸೆಟ್ಟನ್ನ ಯಾರ ಮನೇಲಿ ಹಾಕಿದ್ರೂ ಓಡ್ತಿತ್ತು. ಬೀಗ ಇರಲಿಲ್ಲ.

ಬೀಗ ಹಾಕ್ಬೇಕು ಅಂತ ಆಗಲೂ ಹೊರಟಿದ್ರು, ಗೊತ್ತಾ? ಅಮೆರಿಕದಲ್ಲಿ ಸೋನಿಯ ಬೀಟಾಮ್ಯಾಕ್ಸ್ ಅನ್ನೋ ಕ್ಯಾಸೆಟ್ ರೆಕಾರ್ಡರ್ ಮೇಲೆ ಸಿನಿಮಾ ಕಂಪನಿಗಳು ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ 5-4 ಮತದಲ್ಲಿ, ಮನೇಲಿ ಆಮೇಲೆ ನೋಡೋಕಂತ ರೆಕಾರ್ಡ್ ಮಾಡ್ಕೊಂಡ್ರೆ ತಪ್ಪಿಲ್ಲ ಅಂತು. ಫ್ರೆಡ್ ರೋಜರ್ಸ್ ಅಂತ, ಮಕ್ಕಳ ಕಾರ್ಯಕ್ರಮ ನಡೆಸ್ತಿದ್ದವರು, ಅವರೇ ಸಾಕ್ಷಿ ಹೇಳಿದ್ರು, ನನ್ನ ಕಾರ್ಯಕ್ರಮನ ಮನೆಯವರು ತಮಗೆ ಬಿಡುವಾದಾಗ ನೋಡ್ಲಿ ಬಿಡಿ ಅನ್ನೋ ಅರ್ಥದಲ್ಲಿ. ಒಂದೇ ಒಂದು ಮತ ಆ ಕಡೆ ಹೋಗಿದ್ರೆ ಈ ಪೆಟ್ಟಿಗೆ ನಮ್ಮ ಮೇಜಿನ ಮೇಲೆ ಇರ್ತಿತ್ತೋ ಇಲ್ವೋ. ಜಪಾನಿನವರು ಇನ್ನೂ ಮಜಾ. ಟಿವಿ ರೆಕಾರ್ಡಿಂಗಿಗೆ ಮೊದ್ಲು ಒಂದೇ ಕಾಪಿ ಅಂತ ಕಟ್ಟಿಹಾಕಿದ್ರು, 2008ರಲ್ಲಿ ಹತ್ತರವರೆಗೆ ಅಂತ ಬಿಟ್ರು. ಒಂಬತ್ತು ಸಲ ಕಾಪಿ ಮಾಡ್ಬಹುದು, ಹತ್ತನೇ ಸಲಕ್ಕೆ ಮೂಲದ್ದೇ ಅಲ್ಲಿಗೆ ಹೋಗುತ್ತೆ, ಡಿಸ್ಕಿನಲ್ಲಿ ಉಳಿಯಲ್ಲ. ಎಣಿಸ್ಕೊಂಡು ಕೂತ್ಕೋಬೇಕು. ಎಲ್ಲಿದ್ದೆ ನಾನು? ಹಾಂ, ಡಿಸ್ಕ್.

ಡಿಸ್ಕ್ ಗಾತ್ರದ ಬಗ್ಗೆ ಅಂಗಡಿಯವರು ಎಷ್ಟು ಮಾತಾಡ್ತಾರೋ ಅಷ್ಟು ತಲೆ ಕೆಡಿಸ್ಕೋಬೇಡಿ. ಲೆಕ್ಕ ಸುಲಭ. ಎಚ್‌ಡಿ ಚಾನೆಲ್ ಸೆಕೆಂಡಿಗೆ 8 ಮೆಗಾಬಿಟ್ ಅಂತ ಇಟ್ಕೊಳ್ಳಿ. 8 ಬಿಟ್ಟಿಗೆ ಒಂದು ಬೈಟ್, ಅಂದ್ರೆ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ. 1 ಟಿಬಿಯಲ್ಲಿ 270 ಗಂಟೆ ಮೇಲೆ ಹಿಡಿಯುತ್ತೆ. ಯಾರು ನೋಡ್ತೀರ ಅಷ್ಟನ್ನ? ನಮ್ಮನೇಲಿ ಯಾರೂ ನೋಡಲ್ಲ ಅಂತ ನಾನು ವಾದ ಮಾಡಿದೆ. ಆಮೇಲೆ ಅಮ್ಮನ ಧಾರಾವಾಹಿ ಲೆಕ್ಕ ಹಾಕಿದೆ, ವಾರಕ್ಕೆ ಆರು ದಿನ, ದಿನಕ್ಕೆ ಮೂರು, ಒಂದನ್ನೂ ಅಳಿಸಲ್ಲ ಅವಳು. ಸುಮ್ನೆ 2 ಟಿಬಿ ತಗೊಂಡ್ವಿ. ಹಾಂ, 1 ಟಿಬಿ ಹಾಕಿದ್ರೆ 931 ಜಿಬಿ ಅಂತ ತೋರ್ಸುತ್ತಲ್ಲ, ಅದು ಮೋಸ ಅಲ್ಲ. ಡಿಸ್ಕ್ ಮಾಡೋರು ಸಾವಿರದಲ್ಲಿ ಎಣಿಸ್ತಾರೆ, ಯಂತ್ರ 1024ರಲ್ಲಿ ಎಣಿಸುತ್ತೆ.

ಪೆನ್‌ಡ್ರೈವ್ ಹಾಕಿ ರೆಕಾರ್ಡ್ ಮಾಡೋರಿಗೆ ಒಂದು ಮಾತು. ಎಫ್‌ಎಟಿ32 ಅನ್ನೋ, ಫೈಲ್ ಜೋಡಿಸಿಡೋ ಹಳೇ ಪದ್ಧತಿಯಲ್ಲಿದ್ರೆ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಆಗ ಹೇಳಿದ ಲೆಕ್ಕದಲ್ಲಿ, ಈ 4 ಜಿಬಿನ 1024ರಲ್ಲಿ ಎಣಿಸಿದ್ರೆ, 71 ನಿಮಿಷಕ್ಕೆ ತುಂಬುತ್ತೆ. ಒಳ್ಳೇ ಬಾಕ್ಸ್ ಆದ್ರೆ ತುಂಡು ತುಂಡಾಗಿ ಬರ್ಕೊಳ್ಳುತ್ತೆ, ಕೆಟ್ಟದಾದ್ರೆ ಅಲ್ಲಿಗೇ ನಿಲ್ಲುತ್ತೆ. ಸಿನಿಮಾ ಅರ್ಧಕ್ಕೇ ಯಾಕೆ ನಿಲ್ತು ಅಂತ ಟಿವಿ ತಟ್ಟೋದಲ್ಲ.

ಈಗ ನನಗೆ ನಿಜವಾಗಿ ಮುಖ್ಯ ಅನ್ಸೋದು. ಟ್ಯೂನರ್ ಎರಡು ಇರಲೇಬೇಕು. ಒಂದೇ ಇದ್ರೆ ರೆಕಾರ್ಡ್ ಆಗೋ ಚಾನೆಲ್ಲನ್ನೇ ಎಲ್ಲರೂ ನೋಡ್ಬೇಕು. ಅದೇ ತರಂಗಾಂತರದಲ್ಲಿ ಬರೋ ಬೇರೆ ಚಾನೆಲ್ ನೋಡೋಕೆ ಕೆಲವು ಬಾಕ್ಸ್ ಬಿಡುತ್ತೆ, ಆದ್ರೆ ಯಾವುದು ಯಾವುದರ ಜೊತೆ ಅಂತ ಅಜ್ಜಿಗೆ ಹೇಳ್ಕೊಡೋರು ಯಾರು? ಇನ್ನೊಂದು, ಕೊನೆಗೆ ಹೆಚ್ಚುವರಿ ನಿಮಿಷ ಸೇರಿಸೋ ಸೌಲಭ್ಯ. ಹೇಳಿದ ಟೈಮಿಗೆ ಎಲ್ಲಾ ಎಲ್ಲಿ ಮುಗಿಯುತ್ತೆ? 2019ರ ವಿಂಬಲ್ಡನ್ ಪುರುಷರ ಫೈನಲ್, ಜೊಕೊವಿಚ್ ಮತ್ತು ಫೆಡರರ್, 4 ಗಂಟೆ 57 ನಿಮಿಷ ನಡೀತು. ನಾನು 4 ಗಂಟೆ ಹಾಕಿ ಮಲಗಿದ್ದೆ. ಐದನೇ ಸೆಟ್ಟಲ್ಲಿ ಫೆಡರರ್ ಚೆಂಡು ಮೇಲೆ ಎಸೆದ, ಅಷ್ಟೇ. ಆ ಚೆಂಡು ನಮ್ಮನೆ ಡಿಸ್ಕಿನಲ್ಲಿ ಇವತ್ತಿಗೂ ಕೆಳಗೆ ಬಂದಿಲ್ಲ. ಅಲ್ಲ, ಈಗ ಆ ಡಿಸ್ಕೂ ಖಾಲಿ, ಚೆಂಡೂ ಇಲ್ಲ.

ಸದ್ದು ಕೇಳಿಸ್ತಿದೆಯಾ? ಗುಂಯ್ ಅಂತ. ಒಳಗೆ ಡಿಸ್ಕ್ ತಿರುಗೋದು. ನೇರ ಪ್ರಸಾರನ ನಡುವೆ ನಿಲ್ಲಿಸಿ ಮತ್ತೆ ನೋಡ್ಬಹುದಲ್ಲ, 1999ರಲ್ಲಿ ಟಿವೋ ಅನ್ನೋ ಡಿಸ್ಕ್ ರೆಕಾರ್ಡರ್ ಬಂದಾಗ ಜನ ಬೆರಗಾಗಿದ್ದೇ ಅದಕ್ಕೆ. ಆ ಸೌಲಭ್ಯ ಚಾಲೂ ಇದ್ರೆ ನೀವು ರೆಕಾರ್ಡ್ ಒತ್ತದೇ ಇದ್ರೂ ಡಿಸ್ಕ್ ಬರೀತಾನೇ ಇರುತ್ತೆ. ಮಲಗೋ ಕೋಣೇಲಿ ಇಡೋರು ಯೋಚ್ನೆ ಮಾಡಿ. ಮೇಲೆ ಬಟ್ಟೆ ಹೊದಿಸಿ ಹೂದಾನಿ ಇಡಬೇಡಿ, ಬಿಸಿ ಹೊರಗೆ ಹೋಗೋ ರಂಧ್ರಗಳು ಅಲ್ಲೇ ಇರೋದು. ಅಮ್ಮ, ನಿನಗೇ ಹೇಳ್ತಿರೋದು. ಮತ್ತೆ ರಾತ್ರಿ ಗೋಡೆ ಸ್ವಿಚ್ ಆರಿಸೋ ಅಪ್ಪಂದಿರು ಇದ್ದಾರಲ್ಲ ಎಲ್ಲಾ ಮನೇಲೂ, ಈ ಒಂದು ಸ್ವಿಚ್ ಬಿಟ್ಬಿಡಿ. ಕರೆಂಟೇ ಇಲ್ಲಾಂದ್ರೆ ಬೆಳಗಿನ ಜಾವದ ಪ್ರೋಗ್ರಾಂ ಯಾರು ರೆಕಾರ್ಡ್ ಮಾಡ್ತಾರೆ, ಸ್ವಿಚ್ಚಾ?

ರಿಮೋಟ್ ಮಾತ್ರ ದರಿದ್ರ. ನೋಡಿ ಹತ್ತಿರದಿಂದ. ಇದು ಓಕೆ, ಇದರ ಕೆಳಗೆ ಅಕ್ಕಿಕಾಳಿನಷ್ಟು ದೂರದಲ್ಲಿ ಡಿಲೀಟ್. ಇದನ್ನ ಮಾಡಿದೋರಿಗೆ ಹೆಬ್ಬೆಟ್ಟೇ ಇರಲಿಲ್ಲ ಅಂತ ಕಾಣುತ್ತೆ. ಮೊದಲ ದಿನ ವಾಪಸ್ ಕೊಟ್ಬಿಡೋಣ ಅಂದಿದ್ದೆ. ಈಗ ಕೈ ಕೂತಿದೆ, ಪರವಾಗಿಲ್ಲ. ಇಲ್ಲ, ಪರವಾಗಿಲ್ಲ ಅನ್ನೋದೂ ಜಾಸ್ತಿಯಾಯ್ತು.

ಹಾಗಿದ್ರೆ ಇದನ್ನೇ ಯಾಕೆ ತಗೊಂಡ್ವಿ? ಒಂದೇ ಕಾರಣಕ್ಕೆ. ನಮಗೆ ಬರೋ ಉಚಿತ ಚಾನೆಲ್ಲುಗಳ ರೆಕಾರ್ಡಿಂಗನ್ನ ಇದು ಬೀಗ ಹಾಕದೇ ಹೊರಗೆ ಕೊಡುತ್ತೆ. ಪೆನ್‌ಡ್ರೈವಿಗೆ ಕಾಪಿ ಮಾಡಿ ಕಂಪ್ಯೂಟರಲ್ಲಿ ನೋಡ್ಬಹುದು. ಅಂಗಡೀಲಿ ಬಾಯಿಮಾತಿಗೆ ನಂಬಲಿಲ್ಲ ನಾನು. ಅಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿಸಿ, ಕಾಪಿ ಮಾಡಿಸಿ, ನನ್ನ ಲ್ಯಾಪ್‌ಟಾಪಲ್ಲಿ ಹಾಕಿ ನೋಡಿದ ಮೇಲೇ ದುಡ್ಡು ಕೊಟ್ಟಿದ್ದು. ಅವರು ಕಣ್ಣು ಕಣ್ಣು ಬಿಟ್ರು, ಬಿಡ್ಲಿ. ದುಡ್ಡು ಕಟ್ಟಿ ನೋಡೋ ಚಾನೆಲ್ಲಿಗೆ ಬೀಗ ಇದ್ದೇ ಇದೆ, ಅದನ್ನ ನಾನು ಕೇಳೋಕೆ ಹೋಗಲಿಲ್ಲ.

ಅಜ್ಜಿಯ 11 ನಿಮಿಷದಲ್ಲಿ ಈಗ ಉಳಿದಿರೋದು 40 ಸೆಕೆಂಡ್. ಆವತ್ತು ಅಮ್ಮ ಟಿವಿ ಎದುರು ಮೊಬೈಲ್ ಹಿಡಿದು ತೆಗೆದಿದ್ದು. ಟಿವಿ ಓರೆಯಾಗಿದೆ, ಫ್ಯಾನಿನ ಸದ್ದು, ಹಿಂದೆ ಯಾರೋ ಸೀನ್ತಾರೆ. ಸಾಲು ಮರೆಯೋ ಜಾಗ ಬರೋದಕ್ಕೆ ಸ್ವಲ್ಪ ಮುಂಚೆ ನಿಂತುಹೋಗುತ್ತೆ. ಇಲ್ಲಿ ಹಾಕಲ್ಲ, ಅಜ್ಜಿ ಬೇಡ ಅಂದಿದ್ದಾಳೆ.

ಪರದೆ ಮೇಲೆ ಈಗ ಓಡ್ತಿರೋದು ನಮ್ಮ ಮೊದಲ ಪರೀಕ್ಷೆ ರೆಕಾರ್ಡಿಂಗ್, ಅರ್ಧ ಗಂಟೆ ಹವಾಮಾನ ವರದಿ. ಲ್ಯಾಪ್‌ಟಾಪಲ್ಲಿ ಒಂದು ಕಾಪಿ, ಪೆನ್‌ಡ್ರೈವಲ್ಲಿ ಇನ್ನೊಂದು. ಮೂರು ಕಡೆ ಇದೆ ಮೋಡ ಕವಿದ ವಾತಾವರಣ. ಇದನ್ನಾದ್ರೂ ಅಳಿಸಿ ಅಪ್ಪಾ ಅಂತ ರಿಮೋಟ್ ಕೊಟ್ಟೆ. ಅವರು ಕನ್ನಡಕ ಹಾಕ್ಕೊಂಡು ಪರದೆ ಹತ್ರ ಹೋಗಿ ಎರಡು ಸಲ ಓದಿದ್ರು, ರಿಮೋಟ್ ವಾಪಸ್ ನನ್ನ ಕೈಗಿಟ್ಟು, "ಇರ್ಲಿ ಬಿಡು, ಜಾಗ ಇದೆಯಲ್ಲ" ಅಂದ್ರು.

ಅಯ್ಯೋ, ಬ್ಯಾಟರಿ ಕೆಂಪಾಯ್ತು. ಕೇಬಲ್ ಹೇಗೆ ಹಾಕಿದೆ ಅನ್ನೋದು ಇನ್ನೊಂದ್ ಸಲ ತೋರಿಸ್