ಮನಸ್ಸಿನ ಚಿಕಿತ್ಸೆಗೆ ಫೋನಿನ ಮಾಹಿತಿ: ಹ್ಞೂಂ ಅನ್ನೋಕಿಂತ ಮೊದಲು

[ದೃಶ್ಯ: ಮಧ್ಯಾಹ್ನದ ಕಲಬುರಗಿ, ಖಾಲಿ ರಸ್ತೆ]

ಏಪ್ರಿಲ್, ಮೇ ತಿಂಗಳಾಗ ಕಲಬುರಗಿಯೊಳಗ ಮಧ್ಯಾಹ್ನ ಯಾರ್ ಹೊರಗ ಬೀಳ್ತಾರ ಹೇಳ್ರಿ? ಸರ್ಕಾರಿ ಆಫೀಸುಗಳೇ ಮುಂಜಾನೆ 8ಕ್ಕ ತೆಗೆದು 1:30ಕ್ಕ ಬಾಗಿಲು ಹಾಕ್ತಾವ. ರಾತ್ರಿ ಸೆಕಿ ತಡಿಲಾರದ ಮಾಳಗಿ ಮ್ಯಾಲ ಹಾಸ್ಗೊಂಡು, ನಿದ್ದಿ ಬರೋತನ ಫೋನ್ ನೋಡ್ಕೋತ ಇರ್ತೀವಿ.

ಈಗ ನಿಮ್ಮ ಫೋನಿನಾಗ ಮನಸ್ಸಿನ ಆರೋಗ್ಯ ನೋಡೋ ಒಂದು ಆ್ಯಪ್ ಅದ ಅಂತ ತಿಳ್ಕೋರಿ. ಅದಕ್ಕ ಕಾಣೋದು ಇಷ್ಟೇ: ಈ ಮನುಷ್ಯಾ ಮನಿ ಬಿಟ್ಟು ಹೋಗವಲ್ಲ, ನಡಿಯೋದು ಕಡಿಮಿ ಆಗ್ಯಾದ, ನಡುರಾತ್ರಿತನ ಸ್ಕ್ರೀನ್ ಹತ್ತೇ ಇರ್ತದ. ಖಿನ್ನತೆ ಇದ್ದವರಲ್ಲೂ ಇವೇ ಲಕ್ಷಣ ಕಾಣ್ತಾವ. ಬಿಸಿಲಿಂದು ಯಾವುದು, ಮನಸ್ಸಿಂದು ಯಾವುದು ಅಂತ ಅದಕ್ಕ ಹ್ಯಾಂಗ ಗೊತ್ತಾಗ್ಬೇಕು?

[ದೃಶ್ಯ: ಫೋನಿನ ಚಿತ್ರ, ಸುತ್ತ ಲೊಕೇಶನ್, ಕಾಲ್, ಕೀಬೋರ್ಡ್ ಗುರುತು]

ಇದಕ್ಕ ಡಿಜಿಟಲ್ ಫಿನೋಟೈಪಿಂಗ್ ಅಂತಾರ. ನೀವು ಎಲ್ಲೆಲ್ಲಿ ಹೋದ್ರಿ, ಎಷ್ಟು ನಡೆದ್ರಿ, ಎಷ್ಟು ಮಂದಿಗಿ ಕಾಲ್ ಮಾಡಿದ್ರಿ, ಎಷ್ಟು ಫಾಸ್ಟ್ ಟೈಪ್ ಮಾಡ್ತೀರಿ, ಇದೆಲ್ಲ ಫೋನ್ ತಾನೇ ಕೂಡಿಸ್ಕೋತದ. ಅದರಿಂದ ನಿಮ್ಮ ಮನಸ್ಸಿನ ಸ್ಥಿತಿ ಅಂದಾಜು ಮಾಡ್ತಾರ.

ಇದರಿಂದ ಉಪಯೋಗ ಖರೇನೇ ಅದ. ಬೈಪೋಲಾರ್ ಅಂದ್ರ ಮನಸ್ಸು ಒಮ್ಮೆ ಅತಿಯಾಗಿ ಏರೋದು (ಇದಕ್ಕ ಉನ್ಮಾದ ಅಂತಾರ), ಒಮ್ಮೆ ಖಿನ್ನತೆಗಿ ಇಳಿಯೋದು. ಈ ಕಾಯಿಲೆಯೊಳಗ ಉನ್ಮಾದ ಏರೋ ಮೊದಲು ನಿದ್ದಿ ಕಡಿಮಿ ಆಗ್ತದ, ಮಾತು, ಓಡಾಟ ಹೆಚ್ಚಾಗ್ತದ. ಎಷ್ಟೋ ಸಲ ರೋಗಿಗಿ ಅದು ಕಾಯಿಲೆ ಅಂತ ಅನ್ನಿಸಂಗೇ ಇಲ್ಲ. ಸುರಪುರ ಕಡೀ ಹಳ್ಳಿಯಿಂದ ತಿಂಗಳಿಗೊಮ್ಮೆ ಕಲಬುರಗಿ ಡಾಕ್ಟರ್ ಹತ್ರ ಬರೋರಿಗಿ, ನಡುವಿನ ದಿನದಾಗ ಏನಾಯ್ತು ಅಂತ ಫೋನ್ ತಿಳಿಸಿದ್ರ ಔಷಧ ಹೊತ್ತಿಗಿ ಸರಿಯಾಗಿ ಬದಲಿ ಮಾಡಬಹುದು. ಇದು ಸಣ್ಣ ಮಾತಲ್ಲ.

ಆದ್ರ ನನಗ ಭಾಳ ಕಾಡೋದು ಬ್ಯಾರೆ. ಒಬ್ಬರಿಗೊಂದು ಫೋನ್ ಅಂತ ಹಿಡಿದು ಈ ಲೆಕ್ಕ ಎಲ್ಲ ಹಾಕ್ತಾರ. ನಮ್ಮ ಕಡಿ ಎಷ್ಟೋ ಮನ್ಯಾಗ ಸ್ಮಾರ್ಟ್‌ಫೋನ್ ಒಂದೇ. ಮುಂಜಾನಿ ಗಂಡನ ಜೋಡಿ ಹೊಲಕ್ಕ ಹೋಗ್ತದ, ಸಂಜಿಗಿ ಹುಡುಗರು ಆಟ ಆಡ್ತಾವ, ರಾತ್ರಿ ಸೊಸಿ ತವರುಮನಿಗಿ ಮಾತಾಡ್ತಾಳ. ಗುಳಿಗಿ ತಗೊಳ್ಳಾಕಿ ಸೊಸಿ. ಆ್ಯಪ್ ಯಾರ ಮನಸ್ಸಿನ ಲೆಕ್ಕ ಬರಿಯಲತ್ತದ?

ತಪ್ಪು ಲೆಕ್ಕಾನಾದ್ರೂ ಡಾಕ್ಟರ್ ಕೇಳಿ ತಿದ್ದಬಹುದು. ಗುಟ್ಟು ಹೊರಗ ಬಿದ್ರ ತಿದ್ದಾಕ ಬರಂಗಿಲ್ಲ. "ಈವತ್ತು ನಿಮ್ಮ ಮನಸ್ಸು ಹ್ಯಾಂಗದ?" ಅಂತ ಒಂದು ನೋಟಿಫಿಕೇಶನ್ ಬಂದ್ರ ಸಾಕು, ಅತ್ತಿ, ಮಾವ, ಮೈದುನ ಎಲ್ಲರಿಗೂ ಗೊತ್ತಾಯ್ತು. ನಾಳಿ ತಂಗಿ ಮದುವಿ ಮಾತಿಗಿ ಕುಂತಾಗ "ಅವರ ಮನ್ಯಾಗ ತಲಿ ಸರಿ ಇಲ್ಲದವರು ಅದಾರಂತ" ಅನ್ನೋ ಒಂದು ಮಾತು ಏನು ಮಾಡ್ತದ ಅಂತ ನಾ ಬಿಡಿಸಿ ಹೇಳಬೇಕಿಲ್ಲ.

ಮನಿ ದಾಟಿ ಹೋದ ಮಾಹಿತಿದು ಇನ್ನೊಂದು ಕಥಿ.

[ಪರದೆ ಮೇಲೆ: ಫಿನ್ಲೆಂಡ್, 2020]

ಫಿನ್ಲೆಂಡಿನ ವಸ್ತಾಮೊ ಅನ್ನೋ ಮನೋಚಿಕಿತ್ಸಾ ಸಂಸ್ಥೆಯ ದಾಖಲೆ ಕಳುವಾದ್ವು. 2020ರೊಳಗ ರೋಗಿಗಳಿಗೇ ನೇರ ಮೇಲ್ ಬಂತು: 200 ಯೂರೋ ಕೊಡ್ರಿ, ಇಲ್ಲಂದ್ರ ನೀವು ಥೆರಪಿಯೊಳಗ ಹೇಳಿದ್ದು ಊರಿಗೆಲ್ಲ ಗೊತ್ತಾಗ್ತದ. ಅಮೆರಿಕದಾಗ 2023ರೊಳಗ, ಗ್ರಾಹಕರ ಮಾಹಿತಿ ಜಾಹೀರಾತಿಗಂತ ಫೇಸ್‌ಬುಕ್‌ನಂಥವರಿಗಿ ಕೊಟ್ಟ ಆರೋಪದ ಮ್ಯಾಲ, ಆನ್‌ಲೈನ್ ಥೆರಪಿ ಕೊಡೋ ಬೆಟರ್‌ಹೆಲ್ಪ್ ಕಂಪನಿ 78 ಲಕ್ಷ ಡಾಲರ್ ಕೊಡಬೇಕಾಯ್ತು.

ನಮ್ಮ ದೇಶದಾಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಅದ. ಅದರ 23ನೇ ಕಲಂ ರೋಗಿಯ ಗುಟ್ಟು ಕಾಪಾಡಬೇಕಂತದ, ಡಿಜಿಟಲ್ ಮಾಹಿತಿಗೂ ಅದು ಅನ್ವಯ ಆಗ್ತದ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೊಳಗ ನಮಗ ಬೇಕಾದ ಒಂದು ಮಾತು ಅದ: ಒಪ್ಪಿಗಿ ಕೇಳೋ ನೋಟಿಸನ್ನ ಕನ್ನಡದಾಗ ಓದೋ ಆಯ್ಕೆ ಕೊಡಬೇಕು. ಉರ್ದು, ಮರಾಠಿ, ತೆಲುಗಿನಾಗೂ ಕೊಡಬೇಕು. ಬೀದರ್ ಕಡಿ ಮಂದಿಗಿ ಇದು ದೊಡ್ಡದು. ಕೊಟ್ಟ ಒಪ್ಪಿಗಿ ಕೊಟ್ಟಷ್ಟೇ ಸಸಾರ ವಾಪಸ್ ತಗೊಳ್ಳಾಕೂ ಬರಬೇಕು. ಆದ್ರ ನಿಯಮ ಬಂದಿದ್ದೇ 2025ರ ನವೆಂಬರ್‌ನಾಗ, ಕಂಪನಿಗಳಿಗಿ 18 ತಿಂಗಳ ಟೈಮ್ ಬ್ಯಾರೆ ಕೊಟ್ಟಾರ. ಅಷ್ಟಾಗಿಯೂ ಮನಸ್ಸಿನ ಕಾಯಿಲೆ ಮಾಹಿತಿಗಿ ಈ ಕಾಯ್ದೆಯೊಳಗ ಬ್ಯಾರೆ ದರ್ಜೆ ಇಲ್ಲ. ಮೊಬೈಲ್ ನಂಬರಿಗಿ ಇರೋ ರಕ್ಷಣೆನೇ ಅದಕ್ಕೂ. ಇದು ಸಾಲದು ಅಂತ ನಾ ಗಟ್ಟಿಯಾಗಿ ಹೇಳ್ತೀನಿ.

ಹಂಗಾಗಿ ಯಾರಾದ್ರೂ "ಈ ಆ್ಯಪ್ ಹಾಕ್ಕೋರಿ" ಅಂದ್ರ ಸುಮ್ನ ಹ್ಞೂಂ ಅನಬ್ಯಾಡ್ರಿ. ಈ ಮಾಹಿತಿ ಡಾಕ್ಟರ್ ಬಿಟ್ಟು ಮತ್ಯಾರು ನೋಡ್ತಾರ ಅಂತ ಕೇಳ್ರಿ. ನಮ್ಮ ಫೋನ್ ಮನಿಮಂದಿ ಎಲ್ಲ ಬಳಸ್ತಾರ ಅಂತ ಬಾಯಿಬಿಟ್ಟು ಹೇಳ್ರಿ. ನಾ ಒಲ್ಲೆ ಅಂದ್ರೂ ಇದೇ ಚಿಕಿತ್ಸೆ ಸಿಗ್ತದೇನು? ಇದಕ್ಕ ಅವರು ಹೌದು ಅನ್ನದಿದ್ರ ನೀವು ಕೊಟ್ಟಿದ್ದು ಒಪ್ಪಿಗಿ ಅಲ್ಲ.

ಇನ್ನೊಂದು ಪ್ರಶ್ನಿ ಯಾರೂ ಕೇಳಂಗಿಲ್ಲ, ನೀವು ಕೇಳ್ರಿ. ರಾತ್ರಿ 2 ಗಂಟೆಗಿ ನನ್ನ ಸ್ಥಿತಿ ಕೆಟ್ಟದ ಅಂತ ಆ್ಯಪಿಗಿ ಗೊತ್ತಾದ್ರ, ಆಗ ನೋಡೋರು ಯಾರು? ಯಾರೂ ಇಲ್ಲಂದ್ರ, ಆಸ್ಪತ್ರಿ ನನ್ನ ಕಾಯಲತ್ತದ ಅಂತ ನಂಬ್ಕೊಂಡು ರೋಗಿ ಒಬ್ಬರೇ ಕುಂತಿರ್ತಾರ.

ಆ ಹೊತ್ತಿನಾಗ ಮನುಷ್ಯರ ದನಿನೇ ಬೇಕು. ಮನಸ್ಸಿನ ಆರೋಗ್ಯಕ್ಕಂತ ಇರೋ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ದಿನದ 24 ತಾಸೂ ಇರ್ತದ, ಕನ್ನಡದಾಗ ಮಾತಾಡ್ತಾರ, ರೊಕ್ಕ ಹತ್ತಂಗಿಲ್ಲ. ಬಟನ್ ಫೋನಿಂದಾನೂ ಹಚ್ಚಬಹುದು. ಫೋನ್ ಮನಿಮಂದೀದು ಇದ್ರ, ಮಾತಾಡಿ ಮುಗಿದ ಮ್ಯಾಲ ಆ ನಂಬರ್ ಕಾಲ್ ಲಿಸ್ಟಿನಾಗಿಂದ ಅಳಿಸಿಬಿಡ್ರಿ.