ಕಳೆ ಔಷಧಿ ಹೊಡೆಯುವ ದಿನ ಮಕ್ಕಳು ಎಲ್ಲಿರಬೇಕು?

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಕೇಳುಗರಿಗೆ ನಮಸ್ಕಾರ. ರೈತರ ಕಾರ್ಯಕ್ರಮದಲ್ಲಿ ಮಕ್ಕಳ ಡಾಕ್ಟರಿಗೇನು ಕೆಲಸ ಅಂತ ಕೆಲವರಿಗೆ ಅನಿಸಿರಬಹುದು. ನಾನು ಹೇಳೋಕೆ ಬಂದಿರುವುದು ಒಂದೇ ವಿಷಯ. ಕಳೆ ಔಷಧಿ ಹೊಡೆಯುವ ಕಡೆ ಮಕ್ಕಳು ಬೇಡ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಮೆಕ್ಕೆಜೋಳಕ್ಕೆ ಅಟ್ರಾಜಿನ್, ಈರುಳ್ಳಿಗೆ ಪೆಂಡಿಮೆಥಾಲಿನ್, ತೋಟಕ್ಕೆ, ಬದುವಿಗೆ ಗ್ಲೈಫೋಸೇಟ್. ಕಳೆ ತೆಗೆಯೋಕೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಅದು ನನಗೂ ಗೊತ್ತು. ಆದರೆ 'ಅದು ಹುಲ್ಲು ಸಾಯಿಸೋದು ಡಾಕ್ಟ್ರೇ, ಮನುಷ್ಯರಿಗೆ ಏನೂ ಆಗಲ್ಲ' ಅಂತಾರಲ್ಲ, ಆ ಮಾತು ಬಿಡಬೇಕು. ಅವತ್ತು ವಾಂತಿ ಆಗಲಿಲ್ಲ, ತಲೆ ಸುತ್ತಲಿಲ್ಲ ಅಂದರೆ ಅಲ್ಲಿಗೆ ಮುಗೀತು ಅಂತಲ್ಲ. ಹದಿನೈದು ದಿನದ ಪೈರಿಗೆ ಬಿದ್ದ ಪೆಟ್ಟು ತೆನೆ ಕಟ್ಟುವಾಗ ಕಾಣುತ್ತದೆ, ಅಲ್ವಾ? ಮಕ್ಕಳಲ್ಲೂ ಹಾಗೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಲೀನಾಸ್ ಅಂತ ಒಂದು ಕಣಿವೆ ಇದೆ. ಸೊಪ್ಪು, ತರಕಾರಿ, ಸ್ಟ್ರಾಬೆರಿ ಬೆಳೆಯುವ ಜಾಗ. ಬರ್ಕ್ಲಿ ವಿಶ್ವವಿದ್ಯಾಲಯದವರು ಅಲ್ಲಿನ ಗರ್ಭಿಣಿಯರನ್ನು 1999-2000ರಲ್ಲಿ ಸೇರಿಸಿಕೊಂಡರು. ಹೆಚ್ಚಿನವರು ಹೊಲದ ಕೂಲಿ ಕುಟುಂಬದವರು. ಹುಟ್ಟಿದ ಮಕ್ಕಳ ಮೂತ್ರವನ್ನು 5, 14, 18ನೇ ವಯಸ್ಸಿನಲ್ಲಿ ತೆಗೆದಿಟ್ಟರು. 480 ತಾಯಿ-ಮಕ್ಕಳ ಲೆಕ್ಕ 2023ರಲ್ಲಿ ಹೊರಗೆ ಬಂತು. ಗ್ಲೈಫೋಸೇಟ್ ಒಡೆದಾಗ ಆಂಪಾ ಅಂತ ಒಂದು ರಾಸಾಯನಿಕ ಉಳಿಯುತ್ತದೆ. ಚಿಕ್ಕಂದಿನಲ್ಲಿ ಯಾರ ಮೂತ್ರದಲ್ಲಿ ಅದು ಜಾಸ್ತಿ ಇತ್ತೋ, 18ಕ್ಕೆ ಬರುವಷ್ಟರಲ್ಲಿ ಅವರಲ್ಲಿ ಲಿವರ್ ಉರಿಯೂತ ಜಾಸ್ತಿ. ಮೆಟಬಾಲಿಕ್ ಸಿಂಡ್ರೋಮ್ ಕೂಡ ಜಾಸ್ತಿ. ಅಂದರೆ ಹೊಟ್ಟೆ ಸುತ್ತ ಬೊಜ್ಜು, ಬಿಪಿ, ಸಕ್ಕರೆ, ರಕ್ತದಲ್ಲಿ ಕೊಬ್ಬು, ಇವು ಒಟ್ಟಿಗೇ ಕೂರುವುದು. ನಾಳೆಯ ಶುಗರ್, ಹಾರ್ಟ್ ಕಾಯಿಲೆಗೆ ಇದೇ ದಾರಿ. ಹದಿನೆಂಟಕ್ಕೇ! ಐದು ವರ್ಷದವರೆಗೆ ಗ್ಲೈಫೋಸೇಟ್ ಹೊಡೆಯುವ ಹೊಲಗಳ ಹತ್ತಿರ ಬೆಳೆದವರಲ್ಲೂ ಮೆಟಬಾಲಿಕ್ ಸಿಂಡ್ರೋಮ್ ಜಾಸ್ತಿ ಕಂಡಿತು.

ಹೋದ ಮುಂಗಾರಿನಲ್ಲಿ ಜಗಳೂರು ಕಡೆ ಒಂದು ಆರೋಗ್ಯ ಶಿಬಿರಕ್ಕೆ ಹೋಗುತ್ತಿದ್ದೆ. ರಸ್ತೆ ಪಕ್ಕ ಮೆಕ್ಕೆಜೋಳದ ಹೊಲ. ಅಪ್ಪ ಬೆನ್ನಿಗೆ ಪಂಪ್ ಹಾಕಿಕೊಂಡು ಹೊಡೆಯುತ್ತಿದ್ದ. ಬದುವಿನ ಮೇಲೆ ಆರೇಳು ವರ್ಷದ ಹುಡುಗಿ, ಬಕೆಟಿನಲ್ಲಿ ಮುಂದಿನ ಟ್ಯಾಂಕಿನ ಔಷಧಿ ಕದಡುತ್ತಿದ್ದಳು. ಕೈಯಲ್ಲಿ ತೊಗರಿ ಕಡ್ಡಿ. ಕಡ್ಡಿ ಗಿಡ್ಡ, ಮೊಣಕೈವರೆಗೂ ನೀರು. ಗಾಳಿ ಬೇರೆ ಅವಳ ಕಡೆಗೇ ಬೀಸುತ್ತಿತ್ತು. ನಾನು ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಕಡ್ಡಿ ಬಿಟ್ಟು, ಲಂಗಕ್ಕೆ ಕೈ ಒರೆಸಿಕೊಂಡು, ಪೇಪರ್ ಪೊಟ್ಟಣ ಬಿಚ್ಚಿ ಮಂಡಕ್ಕಿ ತಿನ್ನತೊಡಗಿದಳು. ಅಪ್ಪ ತನ್ನ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ. ಮಗುವಿಗೆ ಏನೂ ಇಲ್ಲ. ನನಗೆ ಸಿಟ್ಟೇ ಬಂತು. ಕೇಳಿದರೆ, 'ಸ್ಕೂಲಿಗೆ ರಜೆ, ಮನೇಲಿ ಯಾರೂ ಇಲ್ಲ ಸಾರ್' ಅಂದ. ಕೆಟ್ಟವನಲ್ಲ. ನಾನು ಹೇಳಿದ ಮೇಲೆ ತಾನೇ ಸೋಪು ಹಾಕಿ ಅವಳ ಕೈ ತೊಳೆಸಿದ. ಆದರೆ ನೀರು ಮೊಗೆದದ್ದು ಯಾವುದರಲ್ಲಿ? ಬಾಯಿ ಕತ್ತರಿಸಿದ ಹಳೇ ಔಷಧಿ ಕ್ಯಾನಿನಲ್ಲಿ.

ಮಗುವಿನ ತೂಕಕ್ಕೆ ಹೋಲಿಸಿದರೆ ಅದು ಉಸಿರಾಡುವ ಗಾಳಿ, ಕುಡಿಯುವ ನೀರು ನಮಗಿಂತ ಜಾಸ್ತಿ. ಕೈ ಯಾವಾಗಲೂ ಬಾಯಿಗೇ. ವಿಷ ಕಳೆಯುವ ಲಿವರ್ ಇನ್ನೂ ಬಲಿತಿರುವುದಿಲ್ಲ. ಅದಕ್ಕೇ ಹೇಳುವುದು, ಹೊಡೆಯುವ ಕಡೆ ಮಕ್ಕಳು ಬೇಡ. ಅಜ್ಜಿ ಹತ್ತಿರ ಬಿಡಿ, ಪಕ್ಕದ ಮನೆಯಲ್ಲಿ ಬಿಡಿ. ಯಾರೂ ಇಲ್ಲವೇ? ಅವತ್ತು ಹೊಡೆಯಬೇಡಿ, ನಾಳೆ ಹೊಡೆಯಿರಿ. ಒಂದು ದಿನಕ್ಕೆ ಕಳೆ ಹೊಲ ನುಂಗುವುದಿಲ್ಲ.

ಸಮಯ ಆಗ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತ್ತು. ಗರ್ಭಿಣಿಯರು ಔಷಧಿ ಕಲಸುವುದು ಬೇಡ. ಹೊಡೆದು ಬಂದವರು ಸ್ನಾನ ಮಾಡಿಯೇ ಮಗು ಎತ್ತಿಕೊಳ್ಳಿ. ಆ ಬಟ್ಟೆ ಮಗುವಿನ ಬಟ್ಟೆ ಜೊತೆ ನೆನೆಸಬೇಡಿ. ಪಂಪು, ಬಾಟಲಿ ಅಡುಗೆ ಮನೆಯಲ್ಲಿ, ಕಾಳಿನ ಚೀಲದ ಪಕ್ಕ ಇಡಬೇಡಿ. ಖಾಲಿ ಕ್ಯಾನಿಗೆ ತೂತು ಹೊಡೆದುಬಿಡಿ, ಆಮೇಲೆ ಯಾರೂ ಅದರಲ್ಲಿ ನೀರು ತುಂಬುವುದಿಲ್ಲ. ನಮಸ್ಕಾರ.